ಕೆಳಗಿನ ಹಲಗೆಯ ಹತ್ತು ಡಬ್ಬಿ

ಗಿರಿಜಕ್ಕನಿಗೆ ವಿನೋದಾಳನ್ನು ಕಂಡರೆ ಆಗುತ್ತಿರಲಿಲ್ಲ. ಏಕೆಂದು ಕೇಳಿದವರಿಗೆ ಸಣ್ಣಪುಟ್ಟ ಕಾರಣಗಳನ್ನೆಲ್ಲ ಹೇಳುತ್ತಿದ್ದಳು. ಹುಡುಗಿ ಎಲೆಯಲ್ಲಿ ಅನ್ನ ಬಿಡುತ್ತಾಳೆ, ಮೆಟ್ಟಿಲ ಮೇಲೆ ಚಪ್ಪಲಿ ಬಿಡುತ್ತಾಳೆ, ದಾವಣಗೆರೆಯವಳಾಗಿಯೂ ತರಕಾರಿಯವನೆದುರು ತನ್ನ ಜೊತೆ ಹಿಂದಿಯಲ್ಲಿ ಮಾತಾಡುತ್ತಾಳೆ. ಅವೆಲ್ಲ ಬಾಯಿಮಾತು. ನಿಜವಾದ ಕಾರಣ ಮಠದ ಮೂರನೆಯ ಅಂತಸ್ತಿನ ಮೂಲೆಕೋಣೆಯಲ್ಲಿ, ಎರಡು ಹಲಗೆಗಳ ಮೇಲೆ, ಇಪ್ಪತ್ತು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಕುಳಿತಿತ್ತು. ಒಂದೊಂದು ಡಬ್ಬಿಯಲ್ಲಿ ಒಂದೊಂದು ಜೇಡ. ಅವನ್ನು ವಿನೋದಾ ಬೇಕಂತಲೇ ಉಪವಾಸ ಕೆಡವಿದ್ದಳು.

ಗಿರಿಜಕ್ಕ ಎಂದರೆ ಗಿರಿಜಾದೇವಿ, ಕೊಟ್ಟೂರಿನ ಕಡೆಯ ವಿಧವೆ, ವಯಸ್ಸು ಐವತ್ತೆಂಟು. ಉತ್ತರದ ತೀರ್ಥಕ್ಷೇತ್ರದಲ್ಲಿ, ಹೊಳೆದಂಡೆಯ ಹನುಮಾನ್ ಘಾಟಿನ ಹಿಂದಿನ ಗಲ್ಲಿಯಲ್ಲಿರುವ ಈ ಕನ್ನಡದವರ ಮಠದಲ್ಲಿ ಇಪ್ಪತ್ತೆರಡು ವರ್ಷದಿಂದ ದಾಸೋಹದ ಅಡುಗೆ ಅವಳದು. ಉಗ್ರಾಣದ ಕೀಲಿಗೊಂಚಲು ಅವಳ ಸೊಂಟದಲ್ಲಿ. ಹಾವೇರಿಯಿಂದ ಬಂದ ಯಾತ್ರಿಕರಿರಲಿ, ದಾರಿ ತಪ್ಪಿ ಒಳಗೆ ಬಂದ ಟೋಟೋ ರಿಕ್ಷಾ ಓಡಿಸುವವನಿರಲಿ, ಹೊಸ್ತಿಲು ದಾಟಿದವರಿಗೆ ಎಲೆ ಹಾಕಲೇಬೇಕು. ಸೂರಿನಡಿ ಹಸಿದವರು ಒಬ್ಬರಿದ್ದರೂ ಅಡುಗೆಯವಳು ತುತ್ತು ಎತ್ತಕೂಡದು ಎಂಬುದು ಮಠದ ಹಳೆಯ ಕಟ್ಟಳೆ. ಉಳಿದವರು ಅದನ್ನು ಬಂದವರಿಗೆ ಹೇಳಿ ಬೀಗಲಿಕ್ಕೆ ಇಟ್ಟುಕೊಂಡಿದ್ದರು. ಗಿರಿಜಕ್ಕ ಮಾತ್ರ ಅದನ್ನು ನಡೆಸುತ್ತಿದ್ದಳು. ಅಂಥವಳ ತಲೆಯ ಮೇಲೆ ಇಪ್ಪತ್ತು ಜೀವ ಹಸಿದು ಕೂತರೆ ಅನ್ನ ಗಂಟಲಲ್ಲಿ ಇಳಿಯುವುದಾದರೂ ಹೇಗೆ? ಮೊದಲ ವಾರವೇ ಅವಳು ಮಧ್ಯಾಹ್ನದ ಊಟ ಬಿಟ್ಟಳು. ಬಿಟ್ಟದ್ದನ್ನು ಮಠದಲ್ಲಿ ಒಬ್ಬರೂ ಗಮನಿಸಲಿಲ್ಲ. ಆ ಸಿಟ್ಟನ್ನೂ ಅವಳು ವಿನೋದಾಳ ಮೇಲೆಯೇ ಹಾಕಿದಳು.

ವಿನೋದಾ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಹುಡುಗಿ. ಮಠದ ವ್ಯವಸ್ಥೆ ನೋಡುವ ಕುಮಾರಯ್ಯನವರಿಗೆ ಯಾರೋ ಊರಿನವರು ಪತ್ರ ಕೊಟ್ಟು ಕಳಿಸಿದ್ದರಿಂದ ಅವಳಿಗೆ ಮೇಲಿನ ಕೋಣೆ ಸಿಕ್ಕಿತ್ತು. ಬಂದ ಎರಡನೆಯ ದಿನವೇ ಉಗ್ರಾಣದ ಗೋಡೆಯಿಂದ ಒಣ ಎಲೆಯ ಚೂರಿನಂಥದ್ದೊಂದನ್ನು ಡಬ್ಬಿಗೆ ಹಾಕಿಕೊಂಡು ಚಿನ್ನ ಸಿಕ್ಕಿದವಳ ಹಾಗೆ ಕುಣಿದಳು. ಎಲೆಯ ಚೂರಿಗೆ ಕಾಲುಗಳಿದ್ದವು. ಮುಂದೆ ಎರಡು ದೊಡ್ಡ ಕಣ್ಣುಗಳಿದ್ದವು, ಮನುಷ್ಯರನ್ನು ನೋಡುವ ಹಾಗೆಯೇ ಅವು ಗಿರಿಜಕ್ಕನನ್ನು ನೋಡಿದವು. ತಿಂಗಳೊಳಗೆ ಅಂಥವು ಇಪ್ಪತ್ತಾದವು. ಎಲ್ಲವೂ ಮಠದ ಗೋಡೆಯವೇ. ಅಂದರೆ ಗಿರಿಜಕ್ಕನ ಲೆಕ್ಕದಲ್ಲಿ ಮಠದ ಒಕ್ಕಲು.

“ಇವು ಏನ್ ತಿಂತಾವ?” ಎಂದು ಅವಳು ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದ್ದಳು.

“ಬೇರೆ ಜೇಡಗಳನ್ನ,” ಎಂದಳು ವಿನೋದಾ, ತಲೆ ಎತ್ತದೆ. “ನೊಣ ಕೊಟ್ರೂ ತಿನ್ನುತ್ತೆ. ಆದ್ರೆ ಜೇಡ ಅಂದ್ರೆ ಪ್ರಾಣ. ಎರಡು ಜೇಡ ಎದುರಿಗಿಟ್ರೆ ಸುಮ್ಮನೆ ಬಾಯಿ ಹಾಕಲ್ಲ, ನೋಡಿ ಆರಿಸುತ್ತೆ. ಹೊಟ್ಟೆ ತುಂಬಿದಾಗ ಯಾವುದನ್ನ ಆರಿಸುತ್ತೆ ಅಂತ ಗೊತ್ತಾಗಿದೆ. ಹದಿನಾಲ್ಕು ದಿನ ಹಸಿದಾಗಲೂ ಹಾಗೇ ಆರಿಸುತ್ತಾ, ಇಲ್ಲಾ ಸಿಕ್ಕಿದ್ದನ್ನ ನುಂಗುತ್ತಾ ಅಂತ ನೋಡೋದು ನನ್ನ ಕೆಲಸ.”

“ಹದಿನಾಲ್ಕು ದಿನ ಉಪಾಸ?”

“ಸಾಯಲ್ಲ ಬಿಡ್ರಿ ಅಮ್ಮಾರೆ. ನೀವು ಶ್ರಾವಣ ಸೋಮವಾರ ಇರಲ್ವಾ, ಹಂಗೆ.”

“ನಾ ಕಟ್ಟೋದು ನನ್ ಹೊಟ್ಟಿ. ಇನ್ನೊಬ್ಬರದ್ದಲ್ಲ,” ಎಂದು ಗಿರಿಜಕ್ಕ ಬಾಗಿಲು ಎಳೆದುಕೊಂಡು ಬಂದಳು. ಒಳಗೆ ಹುಡುಗಿ ನಕ್ಕದ್ದು ಕೇಳಿಸಿತು. ಆ ನಗುವನ್ನು ಅವಳು ಮರೆಯಲಿಲ್ಲ.

ನೇರ ಕುಮಾರಯ್ಯನವರ ಬಳಿ ಹೋದಳು. ಅವರು ಒಳ್ಳೆಯವರು, ಆದರೆ ಒಳ್ಳೆಯತನವೆಲ್ಲ ಕಾಯಿದೆಯಲ್ಲಿ. ಮಠದೊಳಗೆ ಒಂದು ಜೀವವೂ ಸಾಯಕೂಡದು ಎಂಬ ಷರತ್ತಿನ ಮೇಲೆಯೇ ಕೋಣೆ ಕೊಟ್ಟಿದ್ದೇನೆ ಎಂದರು. ಅದಕ್ಕೇ ವಿನೋದಾ ಜೇಡಗಳಿಗೆ ಇಲ್ಲಿ ಉಪವಾಸ ಹಾಕಿ, ಹದಿನೈದನೆಯ ದಿನ ಚೀಲದಲ್ಲಿಟ್ಟುಕೊಂಡು ವಿಶ್ವವಿದ್ಯಾಲಯಕ್ಕೆ ಒಯ್ದು, ಅಲ್ಲೇ ಪರೀಕ್ಷೆ ಮಾಡಿ, ಅಲ್ಲೇ ಉಣಿಸಿ, ವಾಪಸು ತರುತ್ತಿದ್ದಳು. ಊಟ ಅಲ್ಲಿ, ಹಸಿವು ಇಲ್ಲಿ.

“ಹಸಿವಿನಿಂದ ಯಾವುದೂ ಸತ್ತಿಲ್ಲಲ್ಲ ಅಕ್ಕ,” ಎಂದರು ಕುಮಾರಯ್ಯ. “ಆಕಿ ಇಲ್ಲಿ ಒಂದು ಹುಳಾ ಕೊಂದದ್ದು ತೋರಸ್ರಿ, ಮರುದಿನಾನೇ ಹೊರಗ ಹಾಕತೀನಿ. ಆಕಿ ಅಂತಲ್ಲ, ಯಾರರ ಆಗಲಿ. ಕೊಂದವರಿಗೆ ಈ ಮಠದಾಗ ಜಾಗಾ ಇಲ್ಲ.”

ಅಂದಿನಿಂದ ಗಿರಿಜಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ವಿನೋದಾ ಹತ್ತು ಗಂಟೆಗೆ ಸೋನಾರ್‌ಪುರಾದಲ್ಲಿ ಟೋಟೋ ಹತ್ತುತ್ತಾಳೆ, ಬರುವುದು ಐದಕ್ಕೆ. ಗೊಂಚಲಿನಲ್ಲಿ ಮೂಲೆಕೋಣೆಯ ಕೀಲಿಯೂ ಇತ್ತು. ಕೊಂದ ಗುರುತು ಹುಡುಕಲೆಂದೇ ಅವಳು ಮೊದಲ ಸಲ ಒಳಗೆ ಹೋದದ್ದು. ಗುರುತು ಸಿಗಲಿಲ್ಲ. ಸಿಕ್ಕಿದ್ದು ಕೆಳಗಿನ ಹಲಗೆಯ ಒಂದು ಡಬ್ಬಿಯಲ್ಲಿ ಹೊಟ್ಟೆ ಸುಕ್ಕುಗಟ್ಟಿ, ಒಣದ್ರಾಕ್ಷಿಯಂತಾಗಿದ್ದ ಒಂದು ಜೇಡ. ಅದು ತಲೆಯೆತ್ತಿ ಅವಳನ್ನು ನೋಡಿತು. ಎಲೆ ಮುಂದೆ ಕೂತು ಸಾರಿಗಾಗಿ ಕಾಯುವ ಮುದುಕರು ಹಾಗೆ ನೋಡುತ್ತಾರೆ. ಗಿರಿಜಕ್ಕನಿಗೆ ತಡೆಯಲಾಗಲಿಲ್ಲ.

ಸಕ್ಕರೆ ನೀರು ಕೊಟ್ಟಳು. ಒಂದಿಷ್ಟು ಮೂತಿಯಿಟ್ಟು ಹಿಂದೆ ಸರಿಯಿತು. ಹಾಲು ಕೊಟ್ಟಳು, ಅನ್ನದ ಅಗುಳು ಕೊಟ್ಟಳು, ಅದು ಗೋಡೆಗೆ ಮುಖ ಮಾಡಿತು. ಮರುದಿನ ಅವಳು ಉಗ್ರಾಣದ ಮೇಲ್ಛಾವಣಿ ನೋಡುತ್ತ ಬಹಳ ಹೊತ್ತು ನಿಂತಳು. ಅಲ್ಲಿ ಬೇಳೆಯ ಡ್ರಮ್ಮುಗಳ ಹಿಂದೆ ಉದ್ದಗಾಲಿನ ಜೇಡಗಳು ಬೇಕಾದಷ್ಟಿದ್ದವು. ಕೆಲವು ಕೈ ಹತ್ತಿರ ಬಂದೊಡನೆ ಗಡಗಡ ಅಲುಗಾಡಿ ಓಡಿಬಿಡುತ್ತಿದ್ದವು. ಕೆಲವು ಓಡುತ್ತಿರಲಿಲ್ಲ. ಓಡದವುಗಳ ಬಾಯಲ್ಲಿ ಗಸಗಸೆಯ ಉಂಡೆಯಂಥ ಒಂದು ಗಂಟಿತ್ತು. ಬುತ್ತಿ ಕಟ್ಟಿಕೊಂಡಿದೆ ಎಂದುಕೊಂಡಳು ಗಿರಿಜಕ್ಕ. ಇಪ್ಪತ್ತೆರಡು ವರ್ಷ ಬುತ್ತಿ ಕಟ್ಟಿ ಕಳಿಸಿದವಳ ಕಣ್ಣಿಗೆ ಅದು ಇನ್ನೇನಾಗಿ ಕಂಡೀತು? ಇದ್ದವರಿಂದ ತೆಗೆದು ಇಲ್ಲದವರಿಗೆ ಕೊಡುವುದೇ ದಾಸೋಹ. ಬುತ್ತಿ ಇದ್ದದ್ದನ್ನೇ ಬಟ್ಟಲಲ್ಲಿ ಮುಚ್ಚಿ ಹಿಡಿದು ಮೇಲೆ ಒಯ್ದಳು.

ಅದನ್ನು ಡಬ್ಬಿಗೆ ಬಿಟ್ಟು ಕೂತಳು. ಉದ್ದಗಾಲಿನದು ಮೂಲೆಯಲ್ಲಿ ನಾಲ್ಕು ಎಳೆ ನೂಲು ಎಳೆದುಕೊಂಡು ತೂಗಿ ನಿಂತಿತು. ಹಸಿದದ್ದು ಒಮ್ಮೆಲೇ ಹಾರುತ್ತದೆಂದು ಗಿರಿಜಕ್ಕ ತಿಳಿದಿದ್ದಳು. ಅದು ಹಾರಲಿಲ್ಲ. ಗಾಳಿಗೆ ಕಸ ತೂರಾಡುವ ಹಾಗೆ ತೂರಾಡುತ್ತ ಒಂದೊಂದೇ ಹೆಜ್ಜೆ ಇಟ್ಟು ನೂಲಿನ ತುದಿಗೆ ಬಂತು. ಮುಂಗಾಲಿನಿಂದ ಆ ಎಳೆಯನ್ನು ಮೆಲ್ಲಗೆ ಮೀಟಿತು. ನಿಂತಿತು. ಬೇರೆ ಥರ ಮೀಟಿತು. ಸಿಕ್ಕಿಬಿದ್ದ ಸಣ್ಣ ಹುಳವೊಂದು ಒದ್ದಾಡಿದರೆ ನೂಲು ಹಾಗೆಯೇ ಅಲುಗುತ್ತದೆ. ಮೂಲೆಯಲ್ಲಿದ್ದದ್ದು ಏನೋ ಎಂದು ಎರಡು ಹೆಜ್ಜೆ ಈಚೆ ಬಂತು, ಅಷ್ಟೇ ಸಾಕಾಯಿತು. ಗಿರಿಜಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟದವಳು, ಕುರುಕ್ಷೇತ್ರ ನೋಡಿದವಳಂತೆ ಬೆವರಿ ಎದ್ದಳು. ಕೊಂದದ್ದು ಜೇಡ, ತಾನು ಬರೀ ಬಡಿಸಿದವಳು ಎಂದು ಮೆಟ್ಟಿಲಿಳಿಯುತ್ತ ಹತ್ತು ಸಲ ಹೇಳಿಕೊಂಡಳು. ಅಂದು ಮಧ್ಯಾಹ್ನ ಎರಡು ತುತ್ತು ಉಂಡಳು.

ಆಮೇಲೆ ಅದು ರೂಢಿಯಾಯಿತು. ದಿನಕ್ಕೆ ಎರಡು ಡಬ್ಬಿ, ಮೂರು ಡಬ್ಬಿ. ಮುಗಿದ ಮೇಲೆ ಒಣ ಕಾಲುಗಳನ್ನು ಇಕ್ಕಳದಿಂದ ಹೆಕ್ಕಿ ಸೆರಗಿಗೆ ಹಾಕಿಕೊಂಡು ಬರುವಳು. ಮೇಲಿನ ಹಲಗೆಗೆ ಅವಳ ಬಲಭುಜ ಏಳುತ್ತಿರಲಿಲ್ಲ, ಎರಡು ವರ್ಷದಿಂದ ಅದು ಹಿಡಿದುಕೊಂಡಿತ್ತು, ಸ್ಟೂಲು ಹತ್ತಲು ಭಯ. ಹಾಗಾಗಿ ಉಂಡದ್ದು ಕೆಳಗಿನ ಹಲಗೆಯ ಹತ್ತು ಮಾತ್ರ. ಮೇಲಿನವು ಗಾಜಿನಂಥ ಕಣ್ಣು ಬಿಟ್ಟು ಕೆಳಗೆ ನೋಡುತ್ತಿದ್ದವು. ಅವುಗಳ ಕಡೆ ಕತ್ತೆತ್ತದೆ ಅವಳು ಹೊರಬರುತ್ತಿದ್ದಳು. ಒಂದು ಸಲ ಬುತ್ತಿಯಿದ್ದದ್ದು, ಇಲ್ಲದ್ದು, ಎರಡನ್ನೂ ಒಟ್ಟಿಗೆ ಬಿಟ್ಟು ನೋಡಿದಳು. ಡಬ್ಬಿಯ ಜೇಡ ಹತ್ತಿರದ್ದನ್ನು ಬಿಟ್ಟು ಸುತ್ತುಹಾಕಿ ಬುತ್ತಿಯಿದ್ದದ್ದರ ಕಡೆಗೇ ಹೋಯಿತು. ಜಾಣ ಇದ್ದೀ ಬಿಡು ಎಂದು ಅವಳು ಅದನ್ನು ಮೆಚ್ಚಿದಳು.

ಈ ನಡುವೆ ವಿನೋದಾ ಹಿಗ್ಗಿ ಹೀರೇಕಾಯಿ ಆಗಿದ್ದಳು. ಅವಳ ಮಾರ್ಗದರ್ಶಕರು ಮೈಸೂರಿನ ಗೋಪಿನಾಥ್, ಅದೇ ವಿಶ್ವವಿದ್ಯಾಲಯದ ಪ್ರೊಫೆಸರ್. ಅಂಗಳದಲ್ಲಿ ನಿಂತು ಫೋನಿನಲ್ಲಿ ಅವರಿಗೆ ಹೇಳುವುದು ಅಡುಗೆಮನೆಗೆ ಕೇಳುತ್ತಿತ್ತು: “ಹೌದು ಸರ್, ಮೂರನೇ ಸುತ್ತಲ್ಲೂ ಹಾಗೇ ಬಂತು. ಅರ್ಧ ಜೇಡಗಳು ಹದಿನಾಲ್ಕು ದಿನ ಹಸಿದ್ರೂ ಆರಿಸೇ ತಿಂತಾವೆ, ಅರ್ಧ ಸಿಕ್ಕಿದ್ದಕ್ಕೆ ಬಾಯಿ ಹಾಕ್ತಾವೆ. ಒಂದೇ ಜಾತಿಯಲ್ಲಿ ಎರಡು ಸ್ವಭಾವ ಸರ್! ಇದನ್ನ ಯಾರೂ ನೋಡಿಲ್ಲ.” ಗಿರಿಜಕ್ಕ ಸೌಟು ಕೈಯಲ್ಲಿ ಹಿಡಿದು ಕೇಳಿಸಿಕೊಂಡಳು. ಸ್ವಭಾವವಂತೆ, ಸುಡುಗಾಡು. ಹೊಟ್ಟೆ ತುಂಬಿದ್ದಕ್ಕೂ ತುಂಬದ್ದಕ್ಕೂ ವ್ಯತ್ಯಾಸ ತಿಳಿಯದವಳು ವಿಜ್ಞಾನಿಯಂತೆ. ಅವಳಿಗೆ ಒಳಗೊಳಗೇ ಖುಷಿಯಾಯಿತು, ಅದನ್ನು ಮುಚ್ಚಿಡುವುದೇಕೆ?

ಜನವರಿಯ ಒಂದು ಭಾನುವಾರ ಗೋಪಿನಾಥ್ ಮಠಕ್ಕೆ ಬಂದರು. ಬರೆದ ಲೇಖನಕ್ಕೆ ಡಬ್ಬಿಗಳ ಫೋಟೋ ಬೇಕಿತ್ತು. ಕುಮಾರಯ್ಯನವರೂ ಶಾಲು ಹೊದ್ದು ಮೇಲೆ ಬಂದರು, ಚಹಾ ತಂದ ಗಿರಿಜಕ್ಕ ಬಾಗಿಲಲ್ಲೇ ನಿಂತಳು. ಪ್ರೊಫೆಸರರು ಕೆಳಗಿನ ಹಲಗೆಯಿಂದ ಒಂದು ಡಬ್ಬಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ನೀರಿಗೆಂದು ಇಟ್ಟಿದ್ದ ಹತ್ತಿಯ ಹಿಂದೆ ಏನೋ ಅಂಟಿತ್ತು. ಚಿಮಟದಿಂದ ಎಳೆದರು. ಮೂರು ಉದ್ದ ಕಾಲು, ಅವಕ್ಕೆ ತಗುಲಿಕೊಂಡ ಒಂದು ಒಣ ಉಂಡೆ.

“ಏನಮ್ಮ ಇದು?” ಎಂದರು ಗೋಪಿನಾಥ್. ದನಿ ಏರಿಸಲಿಲ್ಲ. “ಇವು ಉಪವಾಸ ಇದ್ದವು ಅಂತ ಅಲ್ಲವಾ ನೀವು ಬರೆದದ್ದು?”

ವಿನೋದಾಳ ಮುಖ ಬಿಳಿಚಿಕೊಂಡಿತು. “ನಾನು ಕೊಟ್ಟಿಲ್ಲ ಸರ್. ಇಲ್ಲಿ ಯಾವತ್ತೂ ಏನೂ ಕೊಟ್ಟಿಲ್ಲ.”

ಕುಮಾರಯ್ಯನವರು ಕನ್ನಡಕ ಸರಿಮಾಡಿಕೊಂಡು ಆ ಕಾಲುಗಳನ್ನು ನೋಡಿದರು. “ಅಂದ್ರ ಇಲ್ಲಿ ಜೀವಹತ್ಯೆ ಆಗೇದ,” ಎಂದರು. “ಮಠದಾಗ! ಅಕ್ಕ, ನೀವು ಮೊದಲೇ ಹೇಳಿದ್ರಿ, ನಾ ಕೇಳಲಿಲ್ಲ. ತಂಗಿ, ನಾಳಿ ಮಧ್ಯಾಹ್ನದೊಳಗ ಕೋಣಿ ಖಾಲಿ ಮಾಡು.”

“ನಾನೇ ಉಣಿಸಿ ನನ್ನ ಕೆಲಸ ನಾನೇ ಹಾಳು ಮಾಡ್ಕೋತೀನಾ?” ಎಂದು ವಿನೋದಾ ಕೂಗಿದಳು. ಕುಮಾರಯ್ಯ ಆಗಲೇ ಮೆಟ್ಟಿಲಲ್ಲಿದ್ದರು. ಲೇಖನ ತಡೆಹಿಡಿಯಬೇಕಾಗುತ್ತದೆ, ಯಾವುದು ಉಂಡಿತ್ತು ಯಾವುದು ಇಲ್ಲ ಎಂದು ತಿಳಿಯದಿದ್ದರೆ ನಾಲ್ಕು ತಿಂಗಳದ್ದೆಲ್ಲ ಕಸದ ಬುಟ್ಟಿಗೆ ಎಂದು ಹೇಳಿ ಗೋಪಿನಾಥರೂ ಹೊರಟರು. ಆಗ ವಿನೋದಾ ತಿರುಗಿ ಬಾಗಿಲಲ್ಲಿ ನಿಂತವಳನ್ನು ನೋಡಿದಳು. ಗಿರಿಜಕ್ಕ ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಂಡು ಇಳಿದಳು. ಗೆದ್ದಾಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಮರುದಿನ ಹತ್ತೂವರೆಗೆ ಅವಳು ಬೇಳೆ ಬೇಯಲಿಟ್ಟು ಮೆಣಸಿನಕಾಯಿ ಮುರಿಯುತ್ತಿದ್ದಾಗ ವಿನೋದಾ ಅಡುಗೆಮನೆಗೆ ಬಂದಳು. ಬರಿಗಾಲಲ್ಲಿ ಬಂದಿದ್ದಳು. ಕೈಯಲ್ಲಿ ಒಂದು ಬಿಳಿ ಹಾಳೆ, ಪೆನ್ನು.

“ಯಾವ ಯಾವ ಡಬ್ಬಿಗೆ ಹಾಕಿದ್ರಿ?”

“ನಾ ಯಾಕ ಮುಟ್ಟಲಿ ನಿನ್ ಡಬ್ಬಿ?”

“ಕೀಲಿ ನಿಮ್ಮ ಹತ್ರ ಬಿಟ್ರೆ ಯಾರ ಹತ್ರಾನೂ ಇಲ್ಲ. ನೀವೇ ಅಂತ ನನಗೆ ಗೊತ್ತು, ನನಗೆ ಗೊತ್ತು ಅಂತ ನಿಮಗೂ ಗೊತ್ತು. ನಾಟಕ ಬ್ಯಾಡ.”

“ಹೋಗು, ಕುಮಾರಯ್ಯಗ ಹೇಳು. ನಂಬಿದ್ರ ನಂಬಲಿ.”

“ನಂಬಲ್ಲ. ಇಪ್ಪತ್ತೆರಡು ವರ್ಷದ ಅಡುಗೆಯವರನ್ನ ಬಿಟ್ಟು ನನ್ನ ಯಾರು ನಂಬ್ತಾರೆ?” ವಿನೋದಾ ಒಲೆಯ ಕಟ್ಟೆಗೆ ಒರಗಿದಳು. ಅವಳ ಕಣ್ಣುಗಳು ಊದಿಕೊಂಡಿದ್ದವು, ದನಿಯಲ್ಲಿ ಮಾತ್ರ ಅಳು ಇರಲಿಲ್ಲ. “ಸರಿ, ಒಂದು ಮಾತು ಹೇಳ್ರಿ. ಅಷ್ಟೊಂದು ಜೇಡ ಇದ್ವಲ್ಲ ಉಗ್ರಾಣದಲ್ಲಿ, ಹುಡುಕಿ ಹುಡುಕಿ ತಾಯಂದಿರನ್ನೇ ಯಾಕೆ ತಂದು ಹಾಕಿದ್ರಿ?”

ಗಿರಿಜಕ್ಕನ ಕೈ ನಿಂತಿತು. “ಏನ್ ತಾಯಿ?”

“ಬಾಯಲ್ಲಿ ಗಂಟಿತ್ತಲ್ಲ.”

“ಅದು ಬುತ್ತಿ...” ಎಂದುಬಿಟ್ಟಳು ಗಿರಿಜಕ್ಕ.

“ಬುತ್ತಿಯಲ್ಲ. ಮೊಟ್ಟೆ. ಒಂದೊಂದರಲ್ಲಿ ಇಪ್ಪತ್ತು, ಮೂವತ್ತು. ಮರಿ ಹೊರಗೆ ಬರೋವರೆಗೂ ಅದನ್ನ ಬಾಯಲ್ಲೇ ಕಚ್ಚಿಕೊಂಡಿರ್ತಾಳೆ. ಊಟ ಮಾಡಲ್ಲ. ಅಪಾಯ ಬಂದ್ರೂ ಓಡಲ್ಲ, ಕಚ್ಚಲ್ಲ. ಬಾಯಿ ತೆರೆದ್ರೆ ಮೊಟ್ಟೆ ಬೀಳುತ್ತಲ್ಲ, ಅದಕ್ಕೆ. ನನ್ನ ಜೇಡ ಅದನ್ನೇ ಆರಿಸೋದು, ಅವು ತಿರುಗಿ ಬೀಳಲ್ಲ ಅಂತ. ನೀವೂ ಅದಕ್ಕೇ ಆರಿಸಿದ್ರಿ, ಹಿಡಿಯೋಕೆ ಸುಲಭ ಅಂತ. ಹಸಿದಿದ್ದು ನನ್ನ ಹುಳ ಅಲ್ಲ ಅಮ್ಮಾರೆ, ನಿಮ್ಮ ಕೈಗೆ ಸಿಕ್ಕವಳು.”

ಗಿರಿಜಕ್ಕ ಮಣೆಯ ಮೇಲೆ ಕೂತಳು. ಕಿಟಕಿ ಮುಚ್ಚಿದ ಉಗ್ರಾಣ, ಡ್ರಮ್ಮುಗಳ ಸಾಲು, ಬಟ್ಟಲು ಹತ್ತಿರ ಬಂದರೂ ಅಲುಗದೆ ನಿಂತ ಆ ತೆಳ್ಳನೆಯ ಕಾಲುಗಳು. ಎಷ್ಟು ಸಲ ಆ ಬಟ್ಟಲು ಮುಚ್ಚಿದ್ದಳು! ಇದ್ದವರಿಂದ ತೆಗೆದೆ ಎಂದುಕೊಂಡಿದ್ದಳಲ್ಲ. ಮೈಯೆಲ್ಲ ಹೇಸಿಗೆಯಾಯಿತು. ಅದನ್ನು ಹೇಳಿದವಳ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

“ಹೇಳಿ ಮುಗೀತಲ್ಲ, ಹೊಟ್ಟಿ ತಣ್ಣಗಾತಾ? ಹೊರಡು ಇನ್ನ.”

“ಮುಗಿದಿಲ್ಲ.” ವಿನೋದಾ ಹಾಳೆಯನ್ನು ಕಟ್ಟೆಯ ಮೇಲಿಟ್ಟಳು. “ಯಾವುದು ಉಂಡಿತ್ತು ಯಾವುದು ಇಲ್ಲ ಅಂತ ನನಗೊಂದು ಅನುಮಾನ ಇದೆ. ಅನುಮಾನ ಬರೆಯೋಕೆ ಆಗಲ್ಲ, ಉಣಿಸಿದವರೇ ಬರೆದು ಸಹಿ ಮಾಡಬೇಕು ಅಂತಾರೆ ಸರ್. ನೀವು ಬರೆದ್ರೆ ಉಂಡವು ಒಂದು ಕಡೆ, ಹಸಿದವು ಒಂದು ಕಡೆ ಇಟ್ಟು ಹೋಲಿಸ್ತೀನಿ, ನನಗೆ ಅಷ್ಟೇ ಸಾಕು. ಇನ್ನೊಂದು ದಿನಾನೂ ಯಾವುದನ್ನೂ ಉಪವಾಸ ಇಡೋದು ಬೇಕಾಗಲ್ಲ. ಬರೀಲಿಲ್ಲ ಅಂದ್ರೆ ಪಕ್ಕದ ಶಿವಾಲದಲ್ಲಿ ಇವತ್ತೇ ಒಂದು ಕೋಣೆ ನೋಡ್ತೀನಿ. ಹೊಸದಾಗಿ ಇಪ್ಪತ್ತು ಹಿಡೀತೀನಿ. ಮತ್ತೆ ಮೊದಲಿಂದ. ನಾಲ್ಕು ತಿಂಗಳು.”

ಬೇಳೆ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಇಬ್ಬರೂ ಅದನ್ನು ನೋಡಲಿಲ್ಲ.

“ಬರದು ಕೊಟ್ರ ಕುಮಾರಯ್ಯಗ ತೋರಸ್ತೀಯಾ?”

“ತೋರಿಸ್ತೀನಿ,” ಎಂದಳು ವಿನೋದಾ. “ಮಾರ್ಚಿವರೆಗೆ ಕೂತು ಬರೆಯೋಕೆ ನನಗೆ ಈ ಕೋಣೆ ಬೇಕು. ಸುಳ್ಳು ಯಾಕೆ ಹೇಳಲಿ? ನಿಮ್ಮ ಮೇಲೆ ನನಗೆ ಕನಿಕರ ಏನೂ ಇಲ್ಲ.”

ಸುಳ್ಳಾದರೂ ಹೇಳಿದ್ದರೆ ಗಿರಿಜಕ್ಕನಿಗೆ ಅವಳನ್ನು ಬೈದು ಅಟ್ಟುವುದು ಸುಲಭವಾಗುತ್ತಿತ್ತು. ಹುಡುಗಿ ಎಳೆ ಮೀಟುತ್ತಿದ್ದಾಳೆಂದು ಅವಳಿಗೆ ಚೆನ್ನಾಗಿ ತಿಳಿದಿತ್ತು, ಯಾವ ಎಳೆಯನ್ನು ಮೀಟಿದರೆ ತಾನು ಮೂಲೆಯಿಂದ ಹೊರಗೆ ಬರುತ್ತೇನೆಂಬುದೂ ತಿಳಿದಿತ್ತು. ಮೀಟಿದ್ದು ಸುಳ್ಳಿನಿಂದಲ್ಲ ಎನ್ನುವುದೇ ತೊಂದರೆ. ಸುಮ್ಮನಿದ್ದರೆ ಅಡುಗೆಮನೆ ಉಳಿಯುತ್ತದೆ, ಕೀಲಿ ಉಳಿಯುತ್ತದೆ, ಸಾಯುವವರೆಗೆ ಉಳಿಯುತ್ತದೆ. ಶಿವಾಲದ ಯಾವುದೋ ಕೋಣೆಯಲ್ಲಿ ಮತ್ತೆ ಇಪ್ಪತ್ತು ಹೊಟ್ಟೆಗಳು ಸುಕ್ಕುಗಟ್ಟುತ್ತವೆ. ಇಲ್ಲಿಂದ ಅದು ಐದು ನಿಮಿಷದ ದಾರಿ. ಮಠದ ಸೂರಿನಡಿ ಅಲ್ಲವಲ್ಲ ಎಂದು ಕುಮಾರಯ್ಯ ಹೇಳಿಯಾರು. ಅವರ ಊಟಕ್ಕೆ ಅದರಿಂದ ಅಡ್ಡಿಯಾಗದು.

ಗಿರಿಜಕ್ಕ ಕೈಯ ಖಾರವನ್ನು ಸೆರಗಿಗೆ ಒರೆಸಿ ಪೆನ್ನು ತೆಗೆದುಕೊಂಡಳು. ಬರೆದು ಬಹಳ ವರ್ಷವಾಗಿತ್ತು, ಅಕ್ಷರಗಳು ಒಂದರ ಮೇಲೊಂದು ಬಿದ್ದವು. ‘ಕೆಳಗಿನ ಹಲಿಗಿ ಹತ್ತು ಡಬ್ಬಿಗೆ ನಾನೇ ಉಣಿಸೀನಿ. ದೀಪಾವಳಿ ಆದ ಮರುವಾರದಿಂದ, ನಾಕ್ ದಿನಕ್ಕೊಂದು ಸಲ ಒಂದೊಂದಕ್ಕ. ಮ್ಯಾಲಿನ ಹತ್ತಕ್ಕ ಒಂದ್ಸಲಾನೂ ಹಾಕಿಲ್ಲ. ಭುಜ ಏಳಲಿಲ್ಲ.’ ಇನ್ನೊಂದು ಸಾಲು ಸೇರಿಸಿದಳು. ‘ಮೊಟ್ಟಿ ಅಂತ ಗೊತ್ತಿರಲಿಲ್ಲ.’ ಕೆಳಗೆ ಗಿರಿಜಾದೇವಿ ಎಂದು ಸಹಿ ಮಾಡಿದಳು.

ವಿನೋದಾ ನಿಂತಲ್ಲೇ ಎರಡು ಸಲ ಓದಿಕೊಂಡಳು. ಫೋನಿನಲ್ಲಿ ಅದರ ಚಿತ್ರ ತೆಗೆದು ಗೋಪಿನಾಥರಿಗೆ ಕಳಿಸಿದಳು. ಒಂದು ಥ್ಯಾಂಕ್ಸ್ ಕೂಡ ಹೇಳದೆ ಹಾಳೆ ಮಡಿಚಿಕೊಂಡು ಕುಮಾರಯ್ಯನವರ ಕೋಣೆಗೆ ನಡೆದಳು.

ಬೇಳೆ ಇಳಿಸಿ ಒಲೆ ಒರೆಸುವಷ್ಟರಲ್ಲಿ ಕುಮಾರಯ್ಯ ತಾವೇ ಬಂದರು. ಅಡುಗೆಮನೆಯ ಹೊಸ್ತಿಲನ್ನು ಅವರು ಇಷ್ಟು ವರ್ಷದಲ್ಲಿ ದಾಟಿದ್ದಿಲ್ಲ, ಈಗಲೂ ದಾಟಲಿಲ್ಲ. ಗಿರಿಜಕ್ಕನ ಮುಖ ನೋಡಲಾಗದೆ ಸ್ಟೀಲಿನ ಡಬ್ಬಗಳ ಕಡೆ ನೋಡುತ್ತ ನಿಂತರು.

“ಯಾರರ ಆಗಲಿ ಅಂತ ನಾನೇ ಅಂದಿದ್ದೆ ಅಕ್ಕ,” ಎಂದರು. “ಈಗ ಮಾತು ತಿರುವಲಾರೆ. ಇನ್ನ ಅಡಗಿಗೆ ಬಾ ಅಂತ ಕೃಷ್ಣಮ್ಮಗ ಹೇಳಿ ಕಳಿಸೀನಿ. ಕೀಲಿ ಕೊಡ್ರಿ.”

ಅವಳು ಗೊಂಚಲು ಬಿಚ್ಚಿ ಅವರ ಅಂಗೈಗೆ ಹಾಕಿದಳು. ಹಿಂದೆ ಅಂಗಳದಲ್ಲಿ ವಿನೋದಾ ಎದೆಗೆ ಕೈಕಟ್ಟಿ ನಿಂತಿದ್ದಳು. ಗೆದ್ದವಳ ಮುಖದಲ್ಲಿ ಏನಿದೆಯೆಂದು ನೋಡುವ ಗೋಜಿಗೆ ಗಿರಿಜಕ್ಕ ಹೋಗಲಿಲ್ಲ.

“ಮ್ಯಾಲಿನ ಹತ್ತಕ್ಕ ಯಾವಾಗ ಉಣಸ್ತಿ?” ಎಂದು ಕುಮಾರಯ್ಯನವರ ಹೆಗಲ ಮೇಲಿಂದ ಕೇಳಿದಳು.

“ಸಂಜೆ. ಸರ್ ಜೊತೆ ಮಾತಾಡಿ, ಆಮೇಲೆ ವಿಶ್ವವಿದ್ಯಾಲಯಕ್ಕೆ ಒಯ್ತೀನಿ.”

“ಸಂಜೀಕಲ್ಲ,” ಎಂದಳು ಗಿರಿಜಕ್ಕ. “ಈಗ.”

ವಿನೋದಾ ಮೆಟ್ಟಿಲು ಹತ್ತಿ ಹೋಗಿ, ಮೇಲಿನ ಹಲಗೆಯ ಹತ್ತು ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ಇಳಿದು, ಟೋಟೋ ಹಿಡಿಯಲು ಗಲ್ಲಿಗೆ ಹೋದಳು.